ಹತ್ತು ಕಿಲೋಮೀಟರಿಗೆ ಎಷ್ಟು ಹುಣಿಸೆಬೀಜ?

ಐವತ್ತಾರು ವರ್ಷದ ಗೃಹಸ್ಥನೊಬ್ಬ ಬೆಳಗಿನ ಜಾವ ಚಡ್ಡಿ ತೊಟ್ಟು ಬೀದಿಯಲ್ಲಿ ಓಡುತ್ತಿದ್ದರೆ ನೋಡಿದವರು ಎರಡೇ ಕಾರಣಗಳನ್ನು ಊಹಿಸುತ್ತಾರೆ. ಒಂದು, ಹಿಂದಿನಿಂದ ನಾಯಿ ಅಟ್ಟಿಸಿಕೊಂಡು ಬರುತ್ತಿದೆ; ಎರಡು, ಮುಂದೆ ಬಸ್ಸು ಹೊರಟುಹೋಗುತ್ತಿದೆ. ಇವೆರಡೂ ಇಲ್ಲದೆ ಓಡುವವನಿಗೆ ಮೂರನೆಯ ಕಾರಣವೊಂದಿರಬಹುದೆಂದು ಯಾರೂ ಎಣಿಸುವುದಿಲ್ಲ. ಎಣಿಸಿದರೂ ಸೌಜನ್ಯದಿಂದ ಬಾಯಿಬಿಟ್ಟು ಹೇಳುವುದಿಲ್ಲ.

ನನ್ನ ಓಟಕ್ಕೆ ಕಾರಣ ಸಕ್ಕರೆ. ರಕ್ತಪರೀಕ್ಷೆಯ ಕಾಗದವನ್ನು ಮೂಗಿನ ತುದಿಯ ಕನ್ನಡಕದಿಂದ ನೋಡಿದ ವೈದ್ಯರು, ‘ನೀವಿನ್ನೂ ಗಡಿಯ ಈಚೆಗಿದ್ದೀರಿ, ದಾಟಬೇಡಿ’ ಎಂದರು. ಅಂದಿನಿಂದ ದಿನವೂ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ನಡೆಯತೊಡಗಿದೆ. ಮೈಸೂರಿನವರಿಗೆ ಆ ಕೆರೆಯ ವಿಷಯವನ್ನು ನಾನು ಹೇಳಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ; ಕುವೆಂಪು ಅವರು ನಡೆದಾಡಿದ ದಂಡೆ. ಹೆಜ್ಜಾರ್ಲೆಗಳು ನೀರಿನ ಮೇಲೆ ಹಳೆಯ ಕಾಲದ ಶ್ಯಾನುಭೋಗರಂತೆ ಗಂಭೀರವಾಗಿ ತೇಲುತ್ತಿರುತ್ತವೆ. ಅಂಥ ಸ್ಥಳದಲ್ಲಿ ನಡೆಯುವವನಿಗೆ ಕವಿತೆ ಹೊಳೆಯಬೇಕಾದದ್ದು ನ್ಯಾಯ. ನನಗೆ ಹೊಳೆದದ್ದು ಓಡಬೇಕೆಂಬ ಬುದ್ಧಿ.

ಮೊದಲು ಎರಡು ವಿದ್ಯುತ್ ಕಂಬಗಳ ನಡುವಣ ದೂರವನ್ನು ಓಡುವುದು, ಮುಂದಿನ ಎರಡು ಕಂಬಗಳ ದೂರವನ್ನು ಏದುಸಿರು ಬಿಡುತ್ತ ನಡೆಯುವುದು. ತಿಂಗಳು ಕಳೆಯುವಷ್ಟರಲ್ಲಿ ಕಂಬಗಳ ಲೆಕ್ಕ ತಪ್ಪಿತು. ಆರು ತಿಂಗಳಲ್ಲಿ ನಿಲ್ಲದೆ ಮುಕ್ಕಾಲು ಗಂಟೆ ಓಡುವವನಾದೆ. ವೇಗವೇನೂ ಇರಲಿಲ್ಲವೆನ್ನಿ. ಒಮ್ಮೆ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನ ಹುಡುಗ ನನ್ನ ಪಕ್ಕದಲ್ಲಿಯೇ ಬಹಳ ದೂರ ಬಂದು, ನನ್ನೊಡನೆ ಊರ ವಿಚಾರವನ್ನೆಲ್ಲ ಮಾತನಾಡಿ, ಕೊನೆಗೆ ಬೇಸರವಾಗಿ ಮುಂದೆ ಹೋದ.

ಹೀಗಿರಲು 2023ರ ಡಿಸೆಂಬರಿನಲ್ಲಿ ನಮ್ಮ ಬಡಾವಣೆಯ ಕಡೆಯ ಸಂಘವೊಂದು 10 ಕಿ.ಮೀ. ರಸ್ತೆ ಓಟವನ್ನು ಏರ್ಪಡಿಸಿತು. ಕೆರೆಯ ಬಳಿಯ ಮೈದಾನದಿಂದ ಹೊರಟು, ಹುಣಸೂರು ರಸ್ತೆಯಲ್ಲಿ 5 ಕಿ.ಮೀ. ಹೋಗಿ, ಮರದ ಡಿಪೋ ಒಂದರ ಮುಂದೆ ತಿರುಗಿ, ಹೋದ ದಾರಿಯಲ್ಲೇ ಹಿಂದಿರುಗುವುದು. ಗೆದ್ದವರಿಗೆ ಬಹುಮಾನ; ಮುಗಿಸಿದವರಿಗೆಲ್ಲ ಪ್ರಶಸ್ತಿಪತ್ರ ಮತ್ತು ಉಪ್ಪಿಟ್ಟು. ಇದಲ್ಲದೆ ಒಂದು ಗಂಟೆಯೊಳಗೆ ಮುಗಿಸಿದವರಿಗೆ ಎದೆಗೆ ಚುಚ್ಚಿಕೊಳ್ಳುವ ನೀಲಿ ಬಿಲ್ಲೆಯೊಂದನ್ನು ಕೊಡುವರೆಂದು ಪ್ರಕಟಣೆಯಲ್ಲಿತ್ತು.

ಆ ಬಿಲ್ಲೆಯೇ ನನ್ನನ್ನು ಕೆಡಿಸಿದ್ದು. ಬಹುಮಾನದ ಆಸೆ ನನಗಿರಲಿಲ್ಲ. ಉಪ್ಪಿಟ್ಟು ಮನೆಯಲ್ಲೂ ಸಿಕ್ಕುತ್ತದೆ. ಆದರೆ ನೀಲಿ ಬಿಲ್ಲೆಯನ್ನು ತರುವೆನೆಂದು ಊಟದ ಹೊತ್ತಿನಲ್ಲಿ ಮಗಳ ಮುಂದೆ ಹೇಳಿಬಿಟ್ಟೆ. ಕಾಲೇಜಿನಲ್ಲಿ ಓದುವ ಮಗಳು ಅಪ್ಪನ ಮಾತನ್ನು ನಂಬುವ ವಯಸ್ಸನ್ನು ದಾಟಿದ್ದಾಳೆ. ‘ಆಗಲಿ, ನೋಡೋಣ’ ಎಂದಳು. ಅವಳ ತಾಯಿ, ‘ಬಿಲ್ಲೆ ಬರದಿದ್ದರೂ ಚಿಂತೆಯಿಲ್ಲ, ನೀವು ಬನ್ನಿ’ ಎಂದಳು.

ಓಟದ ದಿನ ಬೆಳಗ್ಗೆ ಆರು ಗಂಟೆಗೆ ಮೈದಾನದಲ್ಲಿ ಸುಮಾರು ಇನ್ನೂರು ಮಂದಿ ಸೇರಿದ್ದರು. ಎದೆಯ ಮೇಲಿನ ಸಂಖ್ಯೆಯ ಬಟ್ಟೆಗೆ ನಾಲ್ಕು ಮೂಲೆಗೂ ಪಿನ್ನು ಚುಚ್ಚಿಕೊಳ್ಳುವಾಗ ನನ್ನ ಬೆರಳುಗಳು ನಡುಗುತ್ತಿದ್ದವು. ಚಳಿಯಿಂದ ಎಂದು ಪಕ್ಕದವರಿಗೆ ಹೇಳಿದೆ. ಮೂವತ್ತು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ದುಡಿದ ನನಗೆ, ಪರೀಕ್ಷೆಯ ಕೊಠಡಿಯ ಬಾಗಿಲಲ್ಲಿ ನಿಂತ ಹುಡುಗನ ಆ ಹೊಟ್ಟೆಯ ತಳಮಳ ಮರೆತೇಹೋಗಿತ್ತು. ಅದು ಅಂದು ಹಳೆಯ ಸ್ನೇಹಿತನಂತೆ ಬಂದು ಹೆಗಲ ಮೇಲೆ ಕೈಯಿಟ್ಟಿತು.

ಸೀಟಿ ಊದಿದರು. ಎಲ್ಲ ಹೊಸಬರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಪಕ್ಕದವರು ಓಡಿದರೆಂದು ನಾನೂ ಓಡಿದೆ. ಮೊದಲ ಕಿಲೋಮೀಟರು ಗಾಳಿಯಲ್ಲಿ ತೇಲಿದಂತೆ ಹೋಯಿತು. ಎರಡನೆಯದು ಅದರ ಬಡ್ಡಿಯನ್ನು ಕೇಳಿತು. ಮೂರನೆಯದು ಅಸಲನ್ನೇ ಕೇಳಿತು. ಬಲಗಡೆಯ ಪಕ್ಕೆಯಲ್ಲಿ ಸೂಜಿಯಿಂದ ಚುಚ್ಚಿದಂಥ ನೋವು. ಬಾಯಿ ಒಣಗಿ ಅಂಟಿನಂತಾಗಿತ್ತು. ಹತ್ತು ವರ್ಷದ ಬಾಲಕನೊಬ್ಬ ಬರಿಗಾಲಿನಲ್ಲಿ ನನ್ನನ್ನು ದಾಟಿಹೋಗುತ್ತ, ‘ನಿಧಾನವಾಗಿ ಬನ್ನಿ ತಾತ’ ಎಂದು ಉಪಚಾರದ ಮಾತು ಹೇಳಿದ. ಆ ‘ತಾತ’ ಎಂಬ ಶಬ್ದ ಪಕ್ಕೆಯ ನೋವಿಗಿಂತ ಆಳಕ್ಕೆ ಇಳಿಯಿತು.

ನಾಲ್ಕನೆಯ ಕಿಲೋಮೀಟರನ್ನು ದಾಟಿದ ಮೇಲೆ, ತಿರುಗಬೇಕಾದ ಮರದ ಡಿಪೋ ಯಾವಾಗ ಬರುವುದೆಂಬ ಒಂದೇ ಯೋಚನೆ ಉಳಿದಿತ್ತು. ಅಷ್ಟರಲ್ಲಿ ರಸ್ತೆಯ ನಡುವೆ ಕಿತ್ತಳೆ ಬಣ್ಣದ ಶಂಕು ಕಾಣಿಸಿತು. ಅದರ ಪಕ್ಕದಲ್ಲಿ ನಿಂತ ಹುಡುಗ ತಿರುಗಿದವರ ಕೈಗೆಲ್ಲ ಗುರುತಿಗಾಗಿ ಕೆಂಪು ದಾರವನ್ನು ಕೊಡುತ್ತಿದ್ದ. ಶಂಕು ಇದ್ದದ್ದು ಹೊಂಗೆಮರವೊಂದರ ಕೆಳಗೆ. ಮರದ ಡಿಪೋದ ಹಸಿರು ಗೇಟು ಇನ್ನೂ ಮುಂದೆ, ದೂರದಲ್ಲಿ ಕಾಣಿಸುತ್ತಿತ್ತು.

ವಾಚಕರು ಈ ಒಂದು ವಾಕ್ಯವನ್ನು ಗಮನಿಸಬೇಕೆಂದು ಬೇಡುತ್ತೇನೆ. ಆ ಗೇಟನ್ನು ನಾನು ನೋಡಿದೆ. ನೋಡಿಯೂ ನೋಡದವನಂತೆ ಶಂಕುವನ್ನು ಸುತ್ತಿ, ದಾರವನ್ನು ಕೈಗೆ ಸುತ್ತಿಕೊಂಡು, ಹಿಂದಿರುಗಿದೆ. ನನ್ನ ಮುಂದಿದ್ದವರು ತಿರುಗಿದ್ದರು, ಹಿಂದಿದ್ದವರು ತಿರುಗುವವರಿದ್ದರು. ಕೇಳುವ ಭಾರ ನನ್ನ ಮೇಲೆಯೇ ಏಕೆ ಎಂದು ಕಾಲು ಹೇಳಿತು. ಆ ಹೊತ್ತಿನಲ್ಲಿ ತಲೆಗಿಂತ ಕಾಲಿನ ಮಾತೇ ಹೆಚ್ಚು ನಡೆಯುತ್ತದೆ.

ಹಿಂದಿರುಗುವ ದಾರಿಯಲ್ಲಿ ಪಕ್ಕೆಯ ನೋವು ಹೇಗೆ ಬಂದಿತ್ತೋ ಹಾಗೆಯೇ ಹೋಯಿತು. ಉಸಿರಿಗೂ ಹೆಜ್ಜೆಗೂ ಹೊಂದಿಕೆಯಾಯಿತು. ನೀರು ಕೊಡುತ್ತಿದ್ದ ಮುದುಕಿಯೊಬ್ಬಳು ‘ಓಡಪ್ಪ, ಓಡು’ ಎಂದದ್ದು ಈಗಲೂ ಕಿವಿಯಲ್ಲಿದೆ. ಕೊನೆಯ ತಿರುವಿನಲ್ಲಿ ಹೆಂಡತಿ, ಮಗಳು ನಿಂತಿದ್ದರು. ಮಗಳು ಕೈಯೆತ್ತಿ ಕೂಗಿದಳು. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ಸುರಿದೆ. ಗೆರೆಯನ್ನು ದಾಟಿದಾಗ ಗಡಿಯಾರ ಹಿಡಿದವರು ಕೂಗಿದರು: ‘58 ನಿಮಿಷ, 40 ಸೆಕೆಂಡು!’

ನೀಲಿ ಬಿಲ್ಲೆಯನ್ನು ಎದೆಗೆ ಚುಚ್ಚಿದರು. ಮಗಳು ಛಾಯಾಚಿತ್ರ ತೆಗೆದಳು. ಬಂಧುಗಳೆಲ್ಲರ ಫೋನಿಗೆ ಅದು ಹೋಯಿತು. ಉಪ್ಪಿಟ್ಟು ತಿನ್ನುವಷ್ಟರಲ್ಲಿ ಹುಬ್ಬಳ್ಳಿಯಿಂದ ಷಡ್ಡಕನ ಅಭಿನಂದನೆ ಬಂದಿತು. ಆಗ ಪಕ್ಕದ ಬೆಂಚಿನಲ್ಲಿದ್ದ ಯುವಕನೊಬ್ಬ ತನ್ನ ಕೈಗಡಿಯಾರವನ್ನು ನೋಡುತ್ತ ಗೆಳೆಯನಿಗೆ ಹೇಳಿದ: ‘ಹತ್ತು ಎಲ್ಲಿ ಬಂತೋ? ಒಂಬತ್ತೂವರೆಯೂ ಇಲ್ಲ.’ ಉಪಗ್ರಹದಿಂದ ದೂರವನ್ನು ಅಳೆಯುವ ಗಡಿಯಾರವದು. ಅಂಥ ಗಡಿಯಾರಗಳು ಸ್ವಲ್ಪ ಹೆಚ್ಚುಕಡಮೆ ತೋರಿಸುವುದುಂಟು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಗೆಳೆಯನ ಗಡಿಯಾರವೂ ಅದನ್ನೇ ಹೇಳಿತು. ಉಪ್ಪಿಟ್ಟಿನ ಕೊನೆಯ ತುತ್ತು ಗಂಟಲಿನಲ್ಲಿ ನಿಂತಿತು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾಲು ನೋವಿನಿಂದ ಎಂದು ಮನೆಯವರು ತಿಳಿದರು. ನನ್ನ ಕಣ್ಣ ಮುಂದೆ ಇದ್ದವರು ನಮ್ಮ ತಂದೆ.

ತಂದೆಯವರು ರಸ್ತೆ ಕೆಲಸದ ಮೇಲ್ವಿಚಾರಕರಾಗಿದ್ದರು. ಬೇಸಗೆಯ ರಜದಲ್ಲಿ ನನ್ನನ್ನೂ ಕೆಲಸದ ಸ್ಥಳಕ್ಕೆ ಕರೆದೊಯ್ಯುತ್ತಿದ್ದರು. ಅಳತೆಯ ಕಬ್ಬಿಣದ ಸರಪಳಿಯ ಒಂದು ತುದಿಯ ಹಿತ್ತಾಳೆಯ ಹಿಡಿಯನ್ನು ಹಿಡಿದು ನಿಲ್ಲುವುದು ನನ್ನ ಕೆಲಸ. ಬಿಸಿಲಿಗೆ ಕಾದ ಹಿಡಿ ಅಂಗೈಯನ್ನು ಸುಡುತ್ತಿತ್ತು. ನಾನು ಸಡಿಲ ಬಿಟ್ಟರೆ ಅವರು ಆ ತುದಿಯಿಂದಲೇ ‘ಬಿಗಿ!’ ಎಂದು ಕೂಗುತ್ತಿದ್ದರು. ಏಕೆಂದು ಒಮ್ಮೆ ಕೇಳಿದಾಗ ಅವರು ಹೇಳಿದ್ದು ಇಷ್ಟು: ಸರಪಳಿ ನಡುವೆ ಜೋತುಬಿದ್ದರೆ ಅದು ನೆಲದ ಮೇಲೆ ಮುಟ್ಟುವ ದೂರ ಕಡಮೆಯಾಗುತ್ತದೆ; ಆದರೆ ಪುಸ್ತಕದಲ್ಲಿ ಬರೆಯುವುದು ಪೂರ್ತಿ ಸರಪಳಿಯನ್ನೇ. ಹೀಗೆ ಇಲ್ಲದ ರಸ್ತೆ ಕಾಗದದ ಮೇಲೆ ಬೆಳೆಯುತ್ತದೆ. ಅದಕ್ಕೆ ಹಣವೂ ಸಲ್ಲುತ್ತದೆ. ಒಬ್ಬ ಗುತ್ತಿಗೆದಾರ ನನ್ನ ಎದುರಿನಲ್ಲಿಯೇ ನಗುತ್ತ, ‘ಸ್ವಾಮಿ, ಎರಡು ಬೆರಳು ಸಡಿಲ ಬಿಟ್ಟರೆ ಭೂಮಿಯೇನೂ ಮುಳುಗುವುದಿಲ್ಲ’ ಎಂದದ್ದು ನೆನಪಿದೆ. ತಂದೆಯವರು ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿ, ‘ಬಿಗಿ!’ ಎಂದರು.

ನಾನು ಹೊಂಗೆಮರದ ಕೆಳಗೆ ಬಿಟ್ಟದ್ದು ಎರಡು ಬೆರಳೇ? ಎಷ್ಟು ಬಿಟ್ಟೆನೆಂಬುದಾದರೂ ತಿಳಿಯಬೇಕಲ್ಲವೆ?

ದೂರದ ಅಳತೆಯಲ್ಲಿ ದೊಡ್ಡ ಓಟಗಳಿಗೂ ತಾಪತ್ರಯಗಳು ಇದ್ದೇ ಇದ್ದವೆಂಬುದು ಆಮೇಲೆ ಓದಿ ತಿಳಿದದ್ದು. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಒಲಿಂಪಿಕ್ ಮ್ಯಾರಥಾನ್ ಓಟದ ದೂರ ಸುಮಾರು 40 ಕಿ.ಮೀ.; 1908ರಲ್ಲಿ ಲಂಡನ್ನಿನಲ್ಲಿ ಅದು 42.195 ಕಿ.ಮೀ. ಆಯಿತು. ಆ ದೂರವನ್ನೇ ಎಲ್ಲರೂ ಪಾಲಿಸಬೇಕೆಂದು ಗೊತ್ತುಮಾಡಿದ್ದು 1921ರಲ್ಲಿ. ಅದರ ಹಿಂದಿನ ವರ್ಷ ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ಓಡಿಸಿದ ದೂರ 42.75 ಕಿ.ಮೀ.; ಒಲಿಂಪಿಕ್ ಮ್ಯಾರಥಾನುಗಳಲ್ಲಿ ಅದೇ ಅತ್ಯಂತ ದೀರ್ಘವಾದದ್ದು. ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ ಆ ವರ್ಷ ಅಲ್ಲಿಗೆ ಹೋದ ಭಾರತದ ಓಟಗಾರರಲ್ಲಿ ಬೆಳಗಾವಿ ಕಡೆಯ ಫಡೆಪ್ಪ ದಾರೆಪ್ಪ ಚೌಗುಲೆ ಎಂಬ ತರುಣನಿದ್ದ. ಆತ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವನಾಗಿ ಬಂದ. ಇಂದಿನ ಮ್ಯಾರಥಾನಿಗಿಂತ 555 ಮೀಟರು ಹೆಚ್ಚು ಓಡಿ ಪಡೆದ ಸ್ಥಾನವದು. ಆ ಹೆಚ್ಚಿನ ದೂರಕ್ಕೆ ಆತನಿಗೆ ಯಾರೂ ಬಿಲ್ಲೆ ಚುಚ್ಚಿದಂತೆ ಕಾಣೆ.

ಇನ್ನೊಂದು ಬಗೆಯವರೂ ಇದ್ದರು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಫ್ರೆಡ್ ಲಾರ್ಜ್ ಎಂಬಾತ ನಡುದಾರಿಯಲ್ಲಿ ದಣಿದು, ಮೋಟಾರು ಗಾಡಿಯಲ್ಲಿ ಸುಮಾರು 11 ಮೈಲಿ ಕುಳಿತು ಬಂದು, ಇಳಿದು ಓಡಿ, ಮೊದಲಿಗನಾಗಿ ಮೈದಾನ ಸೇರಿದ. ಜನ ಜಯಘೋಷ ಮಾಡಿದರು. ಬಹುಮಾನ ಕೊಡುವ ಮೊದಲೇ ನಿಜ ಹೊರಬಿದ್ದಿತು. ತಮಾಷೆಗಾಗಿ ಮಾಡಿದೆನೆಂದು ಅವನು ಹೇಳಿಕೊಂಡ. ಆದರೆ ಅವನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಬಾಸ್ಟನ್ನಿನ ಮ್ಯಾರಥಾನಿನಲ್ಲಿ ಪೂರ್ತಿ ದೂರವನ್ನು ತನ್ನ ಕಾಲಿನಿಂದಲೇ ಓಡಿ ಗೆದ್ದ. ಈ ಕೊನೆಯ ಮಾತು ನನಗೆ ಬಹಳ ಧೈರ್ಯ ಕೊಟ್ಟಿತು.

ರಸ್ತೆ ಓಟದ ದೂರವನ್ನು ಇಂದು ಕ್ರಮವಾಗಿ ಅಳೆಯುವುದು ಸೈಕಲ್ಲಿನಿಂದ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಉಪಗ್ರಹವಲ್ಲ, ಕಾರಿನ ಮೀಟರಲ್ಲ. ಮುಂದಿನ ಚಕ್ರಕ್ಕೆ ಸುತ್ತುಗಳನ್ನು ಎಣಿಸುವ ಪುಟ್ಟ ಯಂತ್ರ ಹಾಕಿದ ಸಾಧಾರಣ ಸೈಕಲ್ಲು. ಉಕ್ಕಿನ ಪಟ್ಟಿಯಿಂದ ಅಳೆದ ನೇರ ದಾರಿಯಲ್ಲಿ ಅದನ್ನು ಮೊದಲು ನಾಲ್ಕು ಸಲ ಓಡಿಸಿ, ಇಷ್ಟು ದೂರಕ್ಕೆ ಇಷ್ಟು ಸುತ್ತು ಎಂದು ಗೊತ್ತುಮಾಡಿಕೊಳ್ಳುತ್ತಾರೆ. ತಿರುವುಗಳಲ್ಲಿ ರಸ್ತೆಯ ಅಂಚಿನಿಂದ 30 ಸೆಂಟಿಮೀಟರಿನಷ್ಟು ಸಮೀಪದಲ್ಲಿ, ಓಟಗಾರ ಹೋಗಬಹುದಾದ ಅತಿ ಹತ್ತಿರದ ದಾರಿಯನ್ನೇ ಹಿಡಿಯುತ್ತಾರೆ. ಅಷ್ಟಾದ ಮೇಲೂ ದೂರ ಎಲ್ಲಿ ಕಡಮೆಯಾದೀತೋ ಎಂಬ ಶಂಕೆಯಿಂದ ಕಿಲೋಮೀಟರಿಗೆ 1 ಮೀಟರಿನಂತೆ ಹೆಚ್ಚು ಸೇರಿಸುತ್ತಾರೆ. ಓದುತ್ತಿದ್ದಂತೆ ‘ಬಿಗಿ!’ ಎಂಬ ಕೂಗು ಇನ್ನೊಮ್ಮೆ ಕೇಳಿದಂತಾಯಿತು.

ಎಣಿಸುವ ಯಂತ್ರ ನನ್ನಲ್ಲಿರಲಿಲ್ಲ. ಮಗಳಿಗೆ ವಿಷಯವನ್ನೆಲ್ಲ ಹೇಳಿದೆ. ಡಿಪೋದ ಗೇಟನ್ನು ನೋಡಿದ್ದನ್ನೂ ಬಿಡದೆ ಹೇಳಿದೆ. ಅವಳು ನಗುವಳೆಂದು ಹೆದರಿದ್ದೆ. ನಗಲಿಲ್ಲ. ಅಡಿಗೆಮನೆಗೆ ಹೋಗಿ ಒಂದು ಹಿಡಿ ಹುಣಿಸೆಬೀಜ ತಂದಳು. ‘ನೂರು ಸುತ್ತಿಗೆ ಒಂದು ಬೀಜ, ಈ ಜೇಬಿನಿಂದ ಆ ಜೇಬಿಗೆ’ ಎಂದಳು. ಹುಣಸೂರು ರಸ್ತೆಗೆ ಹುಣಿಸೆಬೀಜಕ್ಕಿಂತ ತಕ್ಕ ಸಾಧನ ಇನ್ನಾವುದಿದ್ದೀತು?

ಮುಂದಿನ ಭಾನುವಾರ ಬೆಳಗ್ಗೆ ನನ್ನ ಹಳೆಯ ಸೈಕಲ್ಲಿನ ಗಾಳಿ ತುಂಬಿಸಿ, ನಾನು ಅದರ ಮೇಲೆ ಕುಳಿತು, ಮನೆಯ ಮುಂದೆ ಚಕ್ರವನ್ನು ಹತ್ತು ಸುತ್ತು ಉರುಳಿಸಿದೆವು. ಬಡಗಿಯಿಂದ ಕೇಳಿ ತಂದ ಉಕ್ಕಿನ ಪಟ್ಟಿ 20 ಮೀಟರು 90 ಸೆಂಟಿಮೀಟರು ತೋರಿಸಿತು. ಅಂದರೆ ಸುತ್ತಿಗೆ 2.09 ಮೀಟರು; 5 ಕಿ.ಮೀ.ಗೆ 2,392 ಸುತ್ತು. ಚಕ್ರದ ಕಡ್ಡಿಗೆ ದಪ್ಪ ಕಾಗದದ ಚೂರನ್ನು ಕಟ್ಟಿದೆವು. ಸುತ್ತು ತುಂಬಿದಾಗಲೆಲ್ಲ ಅದು ಮುಂಗವೆಗೆ ತಗಲಿ ‘ಟಕ್’ ಎನ್ನುತ್ತಿತ್ತು. ನಾನು ಎಣಿಸುತ್ತ ನಿಧಾನವಾಗಿ ತುಳಿದೆ. ಮಗಳು ತನ್ನ ಸೈಕಲ್ಲಿನಲ್ಲಿ ಜೊತೆಗೇ ಬರುತ್ತ, ನಾನು ನೂರು ಎಂದಾಗ ಬೀಜವನ್ನು ದಾಟಿಸಿದಳು. ದಾರಿಯಲ್ಲಿ ಪರಿಚಿತರೊಬ್ಬರು ನಿಲ್ಲಿಸಿ ಕ್ಷೇಮಸಮಾಚಾರ ಕೇಳಿದಾಗ ನಾನು ‘ಅರುವತ್ತೇಳು’ ಎಂದು ಉತ್ತರ ಕೊಟ್ಟೆನಂತೆ. ಅವರು ಅದನ್ನು ನನ್ನ ವಯಸ್ಸೆಂದು ತಿಳಿದಿರಬೇಕು.

ಹೊಂಗೆಮರದ ಹತ್ತಿರ ಬಂದಾಗ ಮಗಳ ಬಲಜೇಬಿನಲ್ಲಿ 22 ಬೀಜಗಳಿದ್ದವು; ನನ್ನ ಬಾಯಲ್ಲಿ 58. ಒಟ್ಟು 2,258 ಸುತ್ತು. ಡಿಪೋದ ಗೇಟು ಬಂದದ್ದು 2,394ನೆಯ ಸುತ್ತಿಗೆ. ಸಂಘದವರು ಮೊದಲು ಗೊತ್ತುಮಾಡಿದ್ದ ಜಾಗ ಸರಿಯಾಗಿಯೇ ಇತ್ತು. ಶಂಕು ಮಾತ್ರ ಈಚೆಗೆ ಬಂದಿತ್ತು. ಹೋಗುವಾಗ 280, ಬರುವಾಗ 280. ನಾನು ಓಡದೆ ಓಡಿದೆನೆಂದು ಬರೆಯಿಸಿಕೊಂಡ ರಸ್ತೆ ಸುಮಾರು 560 ಮೀಟರು. ಫಡೆಪ್ಪ ಆಂಟ್‌ವರ್ಪಿನಲ್ಲಿ ಹೆಚ್ಚಾಗಿ ಓಡಿದ್ದು ಹೆಚ್ಚುಕಡಮೆ ಅಷ್ಟೇ ದೂರ. ನನ್ನ ವೇಗದಲ್ಲಿ ಪೂರ್ತಿ 10 ಕಿ.ಮೀ.ಗೆ ಹಿಡಿಯಬಹುದಾಗಿದ್ದ ಕಾಲವನ್ನು ಮಗಳು ಅಲ್ಲಿಯೇ ಲೆಕ್ಕ ಹಾಕಿದಳು: 1 ಗಂಟೆ 2 ನಿಮಿಷ 9 ಸೆಕೆಂಡು.

ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡು ಸಂಘದ ಹಿರಿಯರೊಬ್ಬರ ಮನೆಗೆ ಹೋದೆ. ಅವರು ಸಜ್ಜನರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಡಿಪೋದಿಂದ ಲಾರಿಗಳು ಹೊರಬರುತ್ತಿದ್ದವು, ಮಕ್ಕಳೂ ಓಡುತ್ತಿದ್ದಾರೆ, ಅಪಾಯವಾದೀತೆಂದು ಆ ಹುಡುಗ ಶಂಕುವನ್ನು ಎತ್ತಿ ಹೊಂಗೆಮರದ ಕೆಳಗೆ ಇಟ್ಟಿದ್ದ. ಅದರಲ್ಲಿ ಕಪಟವೇನೂ ಇರಲಿಲ್ಲ; ಇದ್ದದ್ದು ಕರುಣೆ. ಆ ಹುಡುಗನಿಗೆ ತಿಳಿಯದ ಸಂಗತಿ ನನಗೆ ತಿಳಿದಿತ್ತು. ತಪ್ಪು ಯಾರದಾದರೂ ಆಗಿದ್ದರೆ ನನ್ನದೇ.

ಹಿರಿಯರು ಬಿಲ್ಲೆಯನ್ನು ಮುಟ್ಟಲಿಲ್ಲ. ‘ಇನ್ನೂರು ಜನ ಸಂತೋಷವಾಗಿ ಮನೆಗೆ ಹೋಗಿದ್ದಾರೆ. ಈಗ ಪ್ರತಿಯೊಬ್ಬರ ಮನೆಗೂ ಹೋಗಿ ಅರ್ಧ ಕಿಲೋಮೀಟರು ವಾಪಸು ಕೇಳಲೆ?’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಫಿ ಕುಡಿದು ಎದ್ದೆ. ಬಾಗಿಲವರೆಗೆ ಬಂದ ಅವರು, ‘ಮುಂದಿನ ವರ್ಷ ನಿಮ್ಮ ಹುಣಿಸೆಬೀಜಗಳನ್ನು ತಂದು ನೀವೇ ಅಳೆದುಕೊಡಿ’ ಎಂದರು.

ಹಾಗೆಯೇ ಆಯಿತು. 2024ರ ಡಿಸೆಂಬರಿನಲ್ಲಿ ಓಟದ ಹಿಂದಿನ ದಿನ ನಾವಿಬ್ಬರೂ ಸೈಕಲ್ಲಿನಲ್ಲಿ ಹೋಗಿ, ಕ್ರಮದಂತೆ ಕೊಂಚ ಹೆಚ್ಚನ್ನೂ ಸೇರಿಸಿ, 23 ಬೀಜ ಮತ್ತು 95 ಸುತ್ತಿಗೆ ಸರಿಯಾಗಿ ರಸ್ತೆಯ ಮೇಲೆ ಬಿಳಿಯ ಗೆರೆ ಎಳೆದೆವು. ಲಾರಿಗಳನ್ನು ಒಂದೂವರೆ ಗಂಟೆ ತಡೆಯುವುದಕ್ಕೆ ಡಿಪೋದವರು ಒಪ್ಪಿದರು. ಶಂಕುವಿನ ಪಕ್ಕದಲ್ಲಿ ನಿಂತವನು ಅದೇ ಹುಡುಗ. ಆ ಬಾರಿ ಅದರ ಮೇಲೆ ಒಂದು ಕೈಯನ್ನು ಇಟ್ಟುಕೊಂಡೇ ನಿಂತಿದ್ದ.

ಮೊದಲ ಕಿಲೋಮೀಟರನ್ನು ನಾನು ಅವಸರಪಡದೆ ಓಡಿದೆ. ಹೊಂಗೆಮರವನ್ನು ದಾಟುವಾಗ ಅದರ ಕಡೆ ನೋಡಲಿಲ್ಲ. ಹಸಿರು ಗೇಟಿನ ಮುಂದಿನ ಬಿಳಿಯ ಗೆರೆಯನ್ನು ಮೆಟ್ಟಿ ತಿರುಗಿದೆ. ಕಡೆಯ ಎರಡು ಕಿಲೋಮೀಟರುಗಳಲ್ಲಿ ನನ್ನಲ್ಲಿ ಉಳಿಸಿಕೊಂಡದ್ದು ಏನೂ ಇರಲಿಲ್ಲ. ಗೆರೆಯನ್ನು ದಾಟಿದಾಗ ಕೂಗಿದ ಕಾಲ 1 ಗಂಟೆ, 0 ನಿಮಿಷ, 41 ಸೆಕೆಂಡು.

ನಲವತ್ತೊಂದು ಸೆಕೆಂಡಿನಲ್ಲಿ ಬಿಲ್ಲೆ ತಪ್ಪಿತು. ಅಳೆದವನು ನಾನೇ ಆದ್ದರಿಂದ ಯಾರ ಮೇಲೂ ದೂರು ಹೇಳುವಂತಿರಲಿಲ್ಲ. ಉಪ್ಪಿಟ್ಟಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರೊಬ್ಬರು, ‘ಈ ಸಲ ದಾರಿ ಸರಿಯಿಲ್ಲ ಸ್ವಾಮಿ, ಹೋದ ವರ್ಷದ್ದೇ ಚೆನ್ನಾಗಿತ್ತು. ಯಾರೋ ಪುಣ್ಯಾತ್ಮ ಉದ್ದ ಮಾಡಿಬಿಟ್ಟಿದ್ದಾನೆ’ ಎಂದು ಗೊಣಗಿದರು. ಆ ಪುಣ್ಯಾತ್ಮ ತಲೆ ತಗ್ಗಿಸಿಕೊಂಡು ಉಪ್ಪಿಟ್ಟು ಹಾಕಿಸಿಕೊಂಡ.

ಹಳೆಯ ನೀಲಿ ಬಿಲ್ಲೆ ತಂದೆಯವರ ತಗಡಿನ ಪೆಟ್ಟಿಗೆಯಲ್ಲಿದೆ. ಹೊಸ ಪ್ರಶಸ್ತಿಪತ್ರವನ್ನು ಮಗಳು ಗೋಡೆಗೆ ಹಾಕಿದ್ದಾಳೆ. ಬಂದವರು ಕೇಳುತ್ತಾರೆ, ‘ಒಂದು ಗಂಟೆಯ ಮೇಲೆ ನಲವತ್ತೊಂದು ಸೆಕೆಂಡು, ಇದನ್ನೇಕೆ ಕಟ್ಟು ಹಾಕಿಸಿದಿರಿ?’ ಉತ್ತರ ಕೊಡುವುದು ನಮ್ಮ ಮನೆಯವಳು. ‘ಅದರಲ್ಲಿ ಬರೆದಿರುವಷ್ಟನ್ನೂ ಅವರು ಓಡಿದ್ದಾರೆ’ ಎನ್ನುತ್ತಾಳೆ. ಆಮೇಲೆ, ಬೀಜ ತೆಗೆದು ಬೀಜ ತೆಗೆದು ತನ್ನ ಹುಣಿಸೆಹಣ್ಣಿನ ಭರಣಿಯನ್ನೆಲ್ಲ ಅಪ್ಪ ಮಗಳು ಕೆದಕಿ ಹಾಕಿದ ಕಥೆಯನ್ನೂ ಸೇರಿಸುತ್ತಾಳೆ.